ಭಂಗಾರವೋ, ಬಂಗಾರವೋ? ಹಳೆಯ ಗ್ರಾಮಫೋನು ರೆಕಾರ್ಡುಗಳನ್ನು ವಿಂಗಡಿಸುವ ಬಗೆ

ಮುಂಬಯಿಯ ಚಾಳುಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಕೂಗು ‘ಭಂಗಾರವಾಲಾ!’ ಎಂಬುದು. ಊರಿನಿಂದ ಹೊಸದಾಗಿ ಬಂದವರು ಇದನ್ನು ಕೇಳಿ, ಇಲ್ಲಿ ಬೀದಿಯಲ್ಲೇ ಬಂಗಾರ ಮಾರುತ್ತಾರೆಯೇ ಎಂದು ಬೆರಗಾಗುವುದುಂಟು. ಇಲ್ಲಿಯ ಭಂಗಾರವೆಂದರೆ ತುಕ್ಕು ಹಿಡಿದ ಕಬ್ಬಿಣ, ಒಡೆದ ಡಬ್ಬಿ, ಹರಿದ ರದ್ದಿ. ಎರಡಕ್ಕೂ ನಡುವೆ ಒಂದು ಮಹಾಪ್ರಾಣದ ಅಂತರ ಮಾತ್ರ. ನಮ್ಮ ಕೈಗೆ ಬಂದ ಒಂದು ಸರಕು ಈ ಎರಡರಲ್ಲಿ ಯಾವುದು ಎಂದು ತಿಳಿಯದೆ ನಾವು ಎರಡು ತಿಂಗಳ ಭಾನುವಾರಗಳನ್ನು ಕಳೆದೆವು. ಆ ಅನುಭವವು ವಾಚಕರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಲಾಲ್‌ಬಾಗಿನ ಒಂದು ಹಳೆಯ ಚಾಳು ಹೊಸ ಕಟ್ಟಡಕ್ಕಾಗಿ ಖಾಲಿಯಾಗುವುದಿತ್ತು. ಅಲ್ಲಿದ್ದ ವಿಜಾಪುರದ ಕಡೆಯ ಒಬ್ಬ ಅವ್ವ ನಮ್ಮ ವಾಚನಾಲಯಕ್ಕೆ ಹೇಳಿಕಳುಹಿಸಿದರು. ಅವರ ಯಜಮಾನರು ಗಿರಣಿಯಲ್ಲಿ ದುಡಿದವರು. 1982ರ ಮುಷ್ಕರದ ನಂತರ ಅವರ ಕೆಲಸ ಹೋಯಿತು, ಈಗ ಅವರೂ ಇಲ್ಲ. ಮಂಚದ ಕೆಳಗಿನ ಎರಡು ಟ್ರಂಕುಗಳಲ್ಲಿ 86 ರೆಕಾರ್ಡುಗಳಿದ್ದವು. “ಪಗಾರ ಆದ ದಿನ ಒಂದೊಂದು ತರತಿದ್ರು. ನಾ ಜ್ವಾಕಿ ಮಾಡೀನಿ. ಈಗ ಭಂಗಾರದವಗ ಹೆಂಗ ಕೊಡ್ಲಿ, ತಮ್ಮಾ?” ಎಂದರು ಅವ್ವ. ನಾವು ಟ್ಯಾಕ್ಸಿ ಮಾಡಿ ತಂದೆವು. ತೂಕ ಸುಮಾರು 20 ಕಿಲೋ. ವಾಚನಾಲಯದಲ್ಲಿ ಖಾಲಿಯಿದ್ದುದು ಒಂದು ಕಪಾಟಿನ ಕೆಳಗಿನ ಹಲಗೆ ಮಾತ್ರ.

ನಮ್ಮಲ್ಲಿ ಕೂಡಲೆ ಎರಡು ಪಕ್ಷಗಳಾದವು. ಕನ್ನಡದವುಗಳನ್ನಷ್ಟೇ ಇಟ್ಟುಕೊಂಡು ಉಳಿದುದನ್ನು ಚೋರ್ ಬಜಾರಿಗೆ ಸಾಗಿಸಿರೆಂದು ಕೆಲವರು. ಒಂದನ್ನೂ ಕೊಡಕೂಡದೆಂದು ಕೆಲವರು. ಈ ಎರಡು ಮಾತುಗಳೂ ಸರಿಯಲ್ಲವೆಂದು ನಮಗೆ ತಿಳಿದುದು ತಪ್ಪು ಮಾಡಿದ ಮೇಲೆ.

ತಪ್ಪೇನೆಂಬುದನ್ನು ಹೇಳುವ ಮೊದಲು ಈ ವಸ್ತು ಯಾವುದರಿಂದ ಆದುದೆಂದು ತಿಳಿಯಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ರೆಕಾರ್ಡು ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಮುತ್ತುಗ ಮೊದಲಾದ ಮರಗಳ ಮೇಲೆ ಅರಗಿನ ಹುಳು ಬಿಡುವ ಅಂಟನ್ನು ಶೋಧಿಸಿ, ಅದಕ್ಕೆ ಕಲ್ಲಿನ ನುಣುಪು ಪುಡಿ, ಮಸಿ, ಹತ್ತಿಯ ಎಳೆಯ ಚೂರು ಇವನ್ನು ಬೆರೆಸಿ, ಬಿಸಿಯಲ್ಲಿ ಅಚ್ಚೊತ್ತಿ ಇದನ್ನು ಮಾಡುತ್ತಿದ್ದರು. ಗಿರಣಿಯಲ್ಲಿ ನಮ್ಮ ಮೂಗಿಗೆ ಸೇರುವ ಹತ್ತಿಯೇ ಇಲ್ಲಿ ಹಾಡಿಗೆ ಬಲ ಕೊಟ್ಟಿದೆ ಎನ್ನಬಹುದು. ಪಾಂಡವರ ಅರಗಿನ ಮನೆಯ ಕಥೆಯನ್ನು ಬಲ್ಲವರಿಗೆ ಅರಗಿನ ಗುಣವನ್ನು ಹೇಳಬೇಕಾಗಿಲ್ಲ. ಬಿಸಿಲಿಗೆ ಇಟ್ಟರೆ ರೆಕಾರ್ಡು ಬಾಗುತ್ತದೆ, ಕೈಜಾರಿದರೆ ಹಂಚಿನಂತೆ ಒಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅರಗು ನೀರಿಗೆ ಕರಗುವುದಿಲ್ಲ, ಸ್ಪಿರಿಟಿಗೆ ಕರಗುತ್ತದೆ.

ಈ ಕೊನೆಯ ಮಾತು ನಮಗೆ ಗೊತ್ತಿರಲಿಲ್ಲ. ಮೊದಲನೆಯ ಭಾನುವಾರ ಉತ್ಸಾಹದಿಂದ, ಧೂಳು ಬೇಗ ಹೋಗಲೆಂದು, ಹತ್ತಿಗೆ ಸ್ಪಿರಿಟ್ ಹಚ್ಚಿ ಒಂದು ರೆಕಾರ್ಡನ್ನು ಚೆನ್ನಾಗಿ ಉಜ್ಜಿದೆವು. ಹತ್ತಿ ಕಪ್ಪಾಯಿತು, ಕೊಳೆ ಬರುತ್ತಿದೆಯೆಂದು ಇನ್ನಷ್ಟು ಉಜ್ಜಿದೆವು. ಬರುತ್ತಿದ್ದುದು ಕೊಳೆಯಲ್ಲ, ರೆಕಾರ್ಡೇ! ಹೊಳಪು ಹೋಗಿ ಗೆರೆಗಳು ಮಂಕಾದವು. ಲೇಬಲ್ಲಿನ ಮೇಲೆ ಮೊದಲೇ ಮಾಸಿದ್ದ ಅಕ್ಷರಗಳಲ್ಲಿ ‘ಕೆನರೀಸ್’ ಎಂಬುದೊಂದು ಉಳಿದು ಮಿಕ್ಕವು ಕಲಸಿಹೋದವು. ಹಾಡಿದವರು ಯಾರು, ಹಾಡು ಯಾವುದು, ನಂಬರು ಎಷ್ಟು ಎಂದು ನಾವು ಬರೆದುಕೊಂಡಿರಲಿಲ್ಲ. ಆ ದಿನ ಯಾರೂ ಚಹಾ ಕುಡಿಯಲಿಲ್ಲ.

ಅಂದಿನಿಂದ ನಾವು ಹಾಕಿಕೊಂಡ ನಿಯಮ ಒಂದೇ: ಮೊದಲು ಬರೆಯುವುದು, ಆಮೇಲೆ ಒರಸುವುದು, ಕೊಡುವುದೋ ಇಡುವುದೋ ಎಂಬ ವಿಚಾರ ಎಲ್ಲಕ್ಕೂ ಕಡೆಗೆ. ಗಿರಣಿಯ ಗೋದಾಮಿನಲ್ಲಿ ಒಂದು ತಾಗನ್ನು ಹೊರಗೆ ಕಳುಹಿಸುವಾಗಲೂ ಪುಸ್ತಕದಲ್ಲಿ ಬರೆಯದೆ ಕಳುಹಿಸುವುದಿಲ್ಲ. ಬಟ್ಟೆಗೆ ಸಲ್ಲುವ ಮರ್ಯಾದೆ ಹಾಡಿಗೆ ಸಲ್ಲಬೇಡವೇ?

ಒಂದು ದಪ್ಪ ಲೆಕ್ಕದ ಪುಸ್ತಕದಲ್ಲಿ ಮನೆಗಳನ್ನು ಹಾಕಿದೆವು: ಕ್ರಮಸಂಖ್ಯೆ, ಕಂಪನಿ, ರೆಕಾರ್ಡಿನ ನಂಬರು, ಭಾಷೆ, ಹಾಡಿದವರು, ಮೊದಲನೆಯ ಬದಿಯ ಹಾಡು, ಎರಡನೆಯ ಬದಿಯ ಹಾಡು, ಸ್ಥಿತಿ. ಎರಡೂ ಬದಿಗಳನ್ನು ಬರೆಯಲೇಬೇಕು. ಅಮೆರಿಕದ ಹಳ್ಳಿಗಾಡಿನ ಚೌಕ ಕುಣಿತದ ರೆಕಾರ್ಡುಗಳಲ್ಲಿ ಹಲವಕ್ಕೆ ಒಂದು ಬದಿಯಲ್ಲಿ ಹೆಜ್ಜೆ ಹೇಳಿಕೊಡುವವನ ಕೂಗು, ಇನ್ನೊಂದು ಬದಿಯಲ್ಲಿ ಬರಿಯ ವಾದ್ಯವಿರುತ್ತಿತ್ತಂತೆ. ಒಂದು ಬದಿಯನ್ನೇ ನೋಡಿದವರಿಗೆ ಅರ್ಧವೇ ತಿಳಿದೀತು. ಹತ್ತಿಂಚಿನ ರೆಕಾರ್ಡಿನ ಒಂದು ಬದಿಗೆ ಹಿಡಿಯುವುದು ಸುಮಾರು 3 ನಿಮಿಷ. ಆದುದರಿಂದ ಇಡೀ ನಾಟಕವನ್ನು ಹಲವು ರೆಕಾರ್ಡುಗಳ ಕಟ್ಟಾಗಿ ಹೊರತರುವ ರೂಢಿಯೂ ಆ ಕಾಲದಲ್ಲಿತ್ತು. ಕಟ್ಟಿನ ಒಂದು ರೆಕಾರ್ಡು ಬೇರೆ ಗುಂಪಿಗೆ ಹೋದರೆ ನಾಟಕದ ಒಂದು ದೃಶ್ಯವೇ ಕಾಣೆಯಾದಂತೆ.

ಇನ್ನು ಲೇಬಲ್ಲನ್ನು ಓದುವ ಬಗೆ. ನಾಯಿ ಕೊಳವೆಯ ಮುಂದೆ ಕುಳಿತ ಚಿತ್ರವಿರುವುದು ಎಚ್.ಎಂ.ವಿ. ಎಂದು ಎಲ್ಲರೂ ಬಲ್ಲರು. ಭಾರತದಲ್ಲಿ ಹಾಡುಗಾರರ ಧ್ವನಿಯನ್ನು ಈ ಕಂಪನಿಯವರು ಮೊದಲು ಹಿಡಿದುದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಹಾಡಿದರು. ಆಗ ಧ್ವನಿಯನ್ನು ಇಲ್ಲಿ ಹಿಡಿದು, ಅಚ್ಚೊತ್ತುವುದಕ್ಕೆ ಜರ್ಮನಿಯ ಹ್ಯಾನೋವರಿಗೆ ಕಳುಹಿಸುತ್ತಿದ್ದರು. ಅಲ್ಲಿಯ ಕೆಲಸಗಾರರಿಗೆ ಗುರುತು ಸಿಗಲೆಂದು ಹಾಡಿನ ಕೊನೆಯಲ್ಲಿ ಹಾಡಿದವರು ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. 1908ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆಯಾಯಿತು; ಮುಂದೆ ಡಂಡಂನ ಕಾರ್ಖಾನೆ ಹೆಸರಾಯಿತು. ನಮ್ಮ ಮುಂಬಯಿಯೂ ಹಿಂದೆ ಬೀಳಲಿಲ್ಲ. 1930ರ ದಶಕದ ನಡುವಿನಿಂದ 1950ರ ದಶಕದ ನಡುವಿನವರೆಗೆ ‘ಯಂಗ್ ಇಂಡಿಯಾ’ ಎಂಬ ಹೆಸರಿನ ರೆಕಾರ್ಡುಗಳು ಇಲ್ಲಿಯ ವಡಾಳಾದಲ್ಲಿ ಅಚ್ಚಾಗುತ್ತಿದ್ದವು. ಸಣ್ಣ ಕಂಪನಿಯ ಲೇಬಲ್ ಕಂಡರೆ ಹೆಚ್ಚಿನ ಜಾಗ್ರತೆ ಬೇಕು. ಅಂಥವು ಅಚ್ಚಾದುದೇ ಕಡಿಮೆ, ಉಳಿದುದು ಇನ್ನೂ ಕಡಿಮೆ.

ಭಾಷೆಯ ಸ್ಥಳದಲ್ಲಿ ‘ಕನ್ನಡ’ ಎಂದು ಹುಡುಕಿ, ಕಾಣದೆ, ಎಷ್ಟೋ ಜನ ಕನ್ನಡದ ರೆಕಾರ್ಡನ್ನು ಪಕ್ಕಕ್ಕೆ ಎಸೆದಿರಬೇಕು. ಆ ಕಾಲದ ಇಂಗ್ಲಿಷ್ ಲೇಬಲ್ಲಿನಲ್ಲಿ ನಮ್ಮ ನುಡಿಯ ಹೆಸರು ‘ಕೆನರೀಸ್’. ಲೇಬಲ್ ಪೂರಾ ಹರಿದಿದ್ದರೂ ಧೈರ್ಯಗೆಡಬೇಡಿರಿ. ಗೆರೆಗಳು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ನುಣುಪು ಜಾಗವನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿರಿ. ಅಲ್ಲಿ ಅಚ್ಚಿನ ನಂಬರನ್ನು ಕೊರೆದಿರುತ್ತಾರೆ. ಅದು ರೆಕಾರ್ಡಿನ ಜನ್ಮನಕ್ಷತ್ರವಿದ್ದಂತೆ. ಬಲ್ಲವರು ಅದರಿಂದಲೇ ಹಾಡನ್ನು ಗುರುತಿಸಬಲ್ಲರು.

ಹೆಸರುಗಳು ಮೋಸ ಮಾಡುತ್ತವೆ. ಮೇಲೆ ಹೇಳಿದ ಗೌಹರ್ ಜಾನ್ ಕಲ್ಕತ್ತೆಯ ಗಾಯಕಿ. ಕಡೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಗೋಹರ್ ಕರ್ನಾಟಕಿ ಬೇರೆ. ಅವರು ವಿಜಾಪುರದ ಕಡೆಯವರು, ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆಗೆ ಹೆಸರಾದವರು. ಇಬ್ಬರ ರೆಕಾರ್ಡುಗಳನ್ನೂ ಒಂದೇ ಹೆಸರಿನ ಕೆಳಗೆ ಬರೆದರೆ ಇಬ್ಬರಿಗೂ ಅನ್ಯಾಯ. ಹಾಗೆಯೇ ‘ಗಾಂಧಾರಿ’ ಎಂಬ ಹೆಸರಿನ ಹಿಂದುಸ್ತಾನಿ ರೆಕಾರ್ಡು ಸಿಕ್ಕಿದರೆ ಯಾರೋ ಎಂದು ಬದಿಗಿಡಬೇಡಿರಿ. ಗಂಗೂಬಾಯಿ ಹಾನಗಲ್ಲರ ತೊಡಗಿನ ರೆಕಾರ್ಡುಗಳು ಆ ಹೆಸರಿನಲ್ಲಿ ಬಂದವು.

ಭಾಷೆ ನೋಡಿ ವಿಂಗಡಿಸಿದರೆ ಸಾಕೆಂದವರ ವಾದ ಮುರಿದುಬಿದ್ದುದೂ ಹೆಸರಿನಿಂದಲೇ. ನಮ್ಮಲ್ಲಿ 43 ಹಿಂದಿ ರೆಕಾರ್ಡುಗಳಿದ್ದವು. ಚೋರ್ ಬಜಾರಿಗೆಂದು ಅವುಗಳ ಕಟ್ಟು ಬಾಗಿಲ ಬಳಿ ಕುಳಿತಿತ್ತು. ಪತ್ರಿಕೆ ಓದಲು ಬಂದಿದ್ದ ಹಿರಿಯರೊಬ್ಬರು ಮೇಲಿದ್ದುದನ್ನು ಎತ್ತಿ ನೋಡಿ, “ಇದು ನಮ್ಮ ಬೀಳಗಿಯ ಹುಡುಗಿಯದಲ್ಲವೇ!” ಎಂದರು. 1943ರ ‘ಕಿಸ್ಮತ್’ ಚಿತ್ರದ ಹಾಡು, ಹಾಡಿದವರು ಅಮೀರಬಾಯಿ ಕರ್ನಾಟಕಿ. ಗೋಹರ್ ಅವರ ಸಹೋದರಿ. ಹೊಟ್ಟೆಪಾಡಿಗೆ ಮುಂಬಯಿಗೆ ಬಂದು, ಇಲ್ಲಿಯ ಭಾಷೆಯಲ್ಲಿ ದುಡಿದು, ಹೆಸರಿನ ಕೊನೆಯಲ್ಲಿ ಊರುನಾಡನ್ನು ಬಿಡದವರು. ನಾವೂ ಹಗಲೆಲ್ಲ ಕಚೇರಿಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಬರೆಯುತ್ತೇವೆ. ಆ ಕಾಗದಗಳನ್ನು ನೋಡಿ ಇವನು ಕನ್ನಡಿಗನಲ್ಲವೆಂದು ಯಾರಾದರೂ ನಮ್ಮನ್ನು ಪಟ್ಟಿಯಿಂದ ತೆಗೆದರೆ ಹೇಗಾದೀತು? ಕಟ್ಟು ಮರಳಿ ಒಳಗೆ ಬಂತು.

ಒರಸುವ ಕ್ರಮ ಸರಳವಾದುದು. ಮೃದುವಾದ ಒಣ ಕುಂಚದಿಂದ ಗೆರೆಯ ದಿಕ್ಕಿನಲ್ಲಿ ಧೂಳು ತೆಗೆಯಿರಿ. ಕೊಳೆ ಅಂಟಿದ್ದರೆ ತಣ್ಣೀರಿಗೆ ಒಂದೆರಡು ಹನಿ ಸೌಮ್ಯವಾದ ಸಾಬೂನು ಹಾಕಿ, ಬಟ್ಟೆಯನ್ನು ಹಿಂಡಿ, ಲೇಬಲ್ಲಿಗೆ ತಾಗದಂತೆ ಒರಸಿ ಕೂಡಲೆ ಒಣಗಿಸಿರಿ. ನೆನೆಹಾಕಕೂಡದು. ಒಂದರ ಮೇಲೊಂದು ಮಲಗಿಸಿ ಪೇರಿಸಬೇಡಿರಿ. ಕಾಗದದ ಚೀಲದಲ್ಲಿ ಹಾಕಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿರಿ. ಓರೆಯಾಗಿ ನಿಂತರೆ ಕಾಲಕ್ರಮದಲ್ಲಿ ಬಾಗುತ್ತದೆ.

ಕೇಳುವ ಆಸೆ ಎಲ್ಲರಿಗೂ ಇರುವುದೇ. ಆದರೆ ಕೀಲಿ ಕೊಡುವ ಹಳೆಯ ಪೆಟ್ಟಿಗೆಯ ಉಕ್ಕಿನ ಸೂಜಿ ರೆಕಾರ್ಡನ್ನು ಸವೆಸುತ್ತದೆ. ಅದರ ಮೇಲಿನ ಭಾರ ನೂರು ಗ್ರಾಮನ್ನೂ ಮೀರುತ್ತದೆ. ಈಗಿನ ಯಂತ್ರಗಳದು ಕೆಲವೇ ಗ್ರಾಮು. ಒಂದೇ ಪ್ರತಿ ಇರುವ ರೆಕಾರ್ಡನ್ನು ಆ ಪೆಟ್ಟಿಗೆಗೆ ಹಾಕಬೇಡಿರಿ. 78ರ ವೇಗವೂ, ಅದರ ಅಗಲವಾದ ಗೆರೆಗೆ ಒಪ್ಪುವ ಸೂಜಿಯೂ ಇರುವ ಯಂತ್ರದಲ್ಲಿ ಒಮ್ಮೆ ನುಡಿಸಿ, ಕಂಪ್ಯೂಟರಿಗೆ ಇಳಿಸಿಕೊಂಡರೆ ಮುಂದೆ ಎಷ್ಟು ಸಲವಾದರೂ ಕೇಳಬಹುದು. ಮುಂಬಯಿಯಲ್ಲಿ 1990ರಲ್ಲಿ ಹುಟ್ಟಿದ ಭಾರತೀಯ ರೆಕಾರ್ಡು ಸಂಗ್ರಾಹಕರ ಸಂಘ ಇಂಥ ಹಳೆಯ ರೆಕಾರ್ಡುಗಳ ವಿಷಯವಾಗಿ ಬಹಳ ಕೆಲಸ ಮಾಡಿದೆ. ಕಾಯದೆಯನ್ನೂ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯದೆಯಂತೆ ರೆಕಾರ್ಡಿನ ಮೇಲಿನ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಹಾಡು ಬರೆದವರ ಹಕ್ಕು ಬೇರೆ. ಅದು ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಆದುದರಿಂದ ಇಳಿಸಿಕೊಂಡ ಹಾಡನ್ನು ಹತ್ತು ಜನರಿಗೆ ಹಂಚುವ ಮೊದಲು ಎರಡನ್ನೂ ವಿಚಾರಿಸಬೇಕು.

ನಮ್ಮ ಲೆಕ್ಕ ಹೀಗೆ ಮುಗಿಯಿತು: ಹಿಂದಿ 43, ಮರಾಠಿ 17, ಕನ್ನಡ 12, ಇಂಗ್ಲಿಷ್ ಬ್ಯಾಂಡು 4, ಗುರುತು ಸಿಗದವು 5, ಒಡೆದವು 5; ಒಟ್ಟು 86. ಕನ್ನಡದವುಗಳಲ್ಲಿ ದಾಸರ ಪದ, ನಾಟಕದ ಹಾಡು, ಕಾಳಿಂಗರಾಯರ ಗಾಯನ ಇವೆ. ಒಡೆದವುಗಳ ಚೂರುಗಳನ್ನೂ ಕಾಗದದಲ್ಲಿ ಸುತ್ತಿ ನಂಬರು ಹಾಕಿದ್ದೇವೆ. ಜೋಡಿಯಾಗಿದ್ದ 9 ಹಾಡುಗಳ ಹೆಚ್ಚಿನ ಪ್ರತಿಗಳನ್ನು ಮಾತ್ರ, ಪುಸ್ತಕದಲ್ಲಿ ಬರೆದುಕೊಂಡ ನಂತರ, ಅವ್ವನ ಒಪ್ಪಿಗೆ ಪಡೆದು ಮಾರಿದೆವು. ಬಂದ ಹಣದಿಂದ ಕಾಗದದ ಚೀಲಗಳು ಬಂದವು. ಜಾಗದ ಪ್ರಶ್ನೆಯೂ ಬಗೆಹರಿಯಿತು. ನಿಲ್ಲಿಸಿಟ್ಟರೆ ಉಳಿದ 77 ರೆಕಾರ್ಡುಗಳಿಗೆ ಬೇಕಾದುದು ಆ ಒಂದು ಹಲಗೆಯೇ.

ಕೆಡಿಸಿದ ರೆಕಾರ್ಡಿನ ವಿಷಯವನ್ನು ಅವ್ವನಿಗೆ ಹೇಳಲೇಬೇಕಾಗಿತ್ತು. ಮಂಕಾದ ಆ ರೆಕಾರ್ಡನ್ನು ಕಾಗದದಲ್ಲಿ ಸುತ್ತಿಕೊಂಡು ಇಬ್ಬರು ಹೋದೆವು. ಅವರು ಅದನ್ನು ತಿರುಗಿಸಿ, ಅಂಚಿನಲ್ಲಿದ್ದ ಸಣ್ಣ ಚಕ್ಕೆಯನ್ನು ಬೆರಳಿನಿಂದ ಸವರಿ ಗುರುತು ಹಿಡಿದರು. “ಹೋದ್ರ ಹೋಗ್ಲಿ ಬಿಡು ತಮ್ಮಾ. ಅದು ನನಗ ಬಾಯಾಗ ಐತಿ,” ಎಂದು, ಸಣ್ಣ ದನಿಯಲ್ಲಿ ಹಾಡಿನ ಎರಡು ಚರಣಗಳನ್ನು ಹೇಳಿದರು. ನಮ್ಮಲ್ಲೊಬ್ಬರು ಅದನ್ನು ಫೋನಿನಲ್ಲಿ ಹಿಡಿದುಕೊಂಡರು. ಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ ಖಾಲಿ ಉಳಿದಿದ್ದ ಮನೆಯಲ್ಲಿ ಈಗ ಹಾಡಿನ ಮೊದಲ ಸೊಲ್ಲು ಇದೆ. ಹಾಡಿದವರ ಹೆಸರಿನ ಮನೆ ಖಾಲಿಯೇ ಇದೆ. ಬಲ್ಲವರು ವಾಚನಾಲಯಕ್ಕೆ ಬಂದಾಗ ಕೇಳಿ, ನೆನಪಾದರೆ ಬರೆಯಿಸಬೇಕೆಂದು ಪ್ರಾರ್ಥನೆ.

ವಾಚಕ ಬಾಂಧವರಲ್ಲಿ ಅನೇಕರ ಮನೆಗಳು ಹೊಸ ಕಟ್ಟಡಕ್ಕೆ ಹೋಗಲಿವೆ. ಮಂಚದ ಕೆಳಗೆ, ಅಟ್ಟದ ಮೇಲೆ ಇಂಥ ಟ್ರಂಕು ಇದ್ದರೆ, ಭಂಗಾರದವನನ್ನು ಕರೆಯುವ ಮೊದಲು ಒಂದು ಪೆನ್ಸಿಲು, ಒಂದು ಕಾಗದ ತೆಗೆದುಕೊಂಡು ಕುಳಿತುಕೊಳ್ಳಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ಲೇಬಲ್ಲಿನಲ್ಲಿ ಇಲ್ಲದುದು ಅವರ ನೆನಪಿನಲ್ಲಿ ಇದ್ದೀತು.