ಗ್ನೂ ಮೇಕ್‌ನಲ್ಲಿ ಕಡತಗಳ ಅನುಕ್ರಮ
ಮೂಲ ಸಂಕೇತದಿಂದ ತಂತ್ರಾಂಶವನ್ನು ಕಟ್ಟಿಕೊಡುವ ಸಾಧನಗಳಲ್ಲಿ ಗ್ನೂ ಮೇಕ್ ಪ್ರಮುಖವಾದುದು. ಅದರ ‘ವೈಲ್ಡ್‌ಕಾರ್ಡ್’ ಸೌಲಭ್ಯವು ನಿರ್ದಿಷ್ಟ ಮಾದರಿಯ ಹೆಸರುಳ್ಳ ಕಡತಗಳನ್ನು ಹುಡುಕಿ ಪಟ್ಟಿಮಾಡುತ್ತದೆ. ಪಟ್ಟಿಯು ಅಕ್ಷರಾನುಕ್ರಮದಲ್ಲಿರುವುದೆಂದು ಕೈಪಿಡಿ ಹೇಳಿರಲಿಲ್ಲ; ಆದರೂ ಹಾಗೆಯೇ ಬರುತ್ತಿದ್ದುದರಿಂದ ಕೆಲವು ಯೋಜನೆಗಳು ಅದನ್ನು ನೆಚ್ಚಿಕೊಂಡಿದ್ದವು. ಈ ಕ್ರಮವನ್ನು ವೇಗದ ದೃಷ್ಟಿಯಿಂದ ಕೈಬಿಡಬಹುದೆಂದು 2006ರ 3.81ನೆಯ ಆವೃತ್ತಿಯ ಟಿಪ್ಪಣಿ ಎಚ್ಚರಿಸಿತ್ತು (ಇಂತಹ ಟಿಪ್ಪಣಿಗಳನ್ನು ಓದುವವರು ವಿರಳ). 2010ರ 3.82ರಲ್ಲಿ ಅದನ್ನು ಕೈಬಿಡಲಾಯಿತು.

ಅಲ್ಲಿಂದ ಕಡತಗಳು ಆಯಾ ಗಣಕದ ಕಡತವ್ಯವಸ್ಥೆ ಒದಗಿಸಿದ ಕ್ರಮದಲ್ಲಿ ಜೋಡಣೆಗೊಳ್ಳತೊಡಗಿದವು. ದೋಷಸೂಚನೆ ಯಾವುದೂ ಇಲ್ಲ. ಆದರೆ ಒಂದೇ ಮೂಲವು ಎರಡು ಗಣಕಗಳಲ್ಲಿ ಭಿನ್ನ ಫಲಿತವನ್ನು ಕೊಡುವಂತಾಯಿತು. ವಿತರಿತ ತಂತ್ರಾಂಶವು ಪ್ರಕಟಿತ ಮೂಲದಿಂದಲೇ ಬಂದಿದೆಯೇ ಎಂದು ಮತ್ತೆ ಕಟ್ಟಿ ಪರೀಕ್ಷಿಸುವವರಿಗೆ ಇದು ನೇರ ತೊಡಕು. ಪರಿಹಾರವಾಗಿ ಯೋಜನೆಗಳು ‘ಸಾರ್ಟ್’ ಆದೇಶವನ್ನು ತಾವೇ ಸೇರಿಸಬೇಕಾಯಿತು. 2020ರ 4.3ರಲ್ಲಿ ಹಳೆಯ ಕ್ರಮ ಮರಳಿತು. ನಡುವಣ ಆವೃತ್ತಿಗಳಲ್ಲಿಯೂ ಕಟ್ಟಬೇಕಾದ ಯೋಜನೆಗಳು ಮಾತ್ರ ಆ ಆದೇಶವನ್ನು ತೆಗೆಯುವಂತಿಲ್ಲ.