ನಿಮಗಿದು ಗೊತ್ತೆ? ಬ್ರೇಕಿನೊಳಗೂ ಗಾಳಿ ಸೇರುತ್ತೆ!

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಪೋಣಿಸುವ ರಾಷ್ಟ್ರೀಯ ಹೆದ್ದಾರಿ 150ಎಯಲ್ಲಿ ಭತ್ತದ ಲಾರಿಗಳ ಹಿಂದೆ ಸಾಗುವ ಕಾರಿಗೆ ಗಟ್ಟಿ ಬ್ರೇಕ್ ಬೇಕೇ ಬೇಕು. ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರನ್ನು ಹೊಸದಾಗಿ ಹಾಕಿದರೂ ಪೆಡಲ್ ಸ್ಪಂಜಿನಂತೆ ಕುಸಿಯುತ್ತಿದ್ದರೆ ಒಳಗೆ ಗಾಳಿ ಉಳಿದಿರಬಹುದು. ಒತ್ತಿದಾಗ ಬ್ರೇಕ್ ಆಯಿಲ್ ಕುಗ್ಗದು, ಗಾಳಿ ಕುಗ್ಗುತ್ತದೆ. ಕಾಲಿನ ಒತ್ತಡ ಪೂರ್ತಿಯಾಗಿ ಚಕ್ರ ತಲುಪುವುದಿಲ್ಲ.

ಹಲವು ಕಾರುಗಳಲ್ಲಿ ಸಿಲಿಂಡರ್ ಓರೆಯಾಗಿ ಕೂರುವುದರಿಂದ ಗುಳ್ಳೆಗಳು ತುದಿಯಲ್ಲೇ ಸಿಕ್ಕಿಬೀಳುತ್ತವೆ. ಅದಕ್ಕೇ ಜೋಡಿಸುವ ಮುನ್ನ ಅದನ್ನು ಬೆಂಚ್ ವೈಸ್‌ನಲ್ಲಿ ಸಮತಟ್ಟಾಗಿ ಹಿಡಿಸಿ, ಆಯಿಲ್ ತುಂಬಿ, ಹೊರರಂಧ್ರಗಳಿಂದ ಅದರ ಆಯಿಲ್ ಟ್ಯಾಂಕಿನೊಳಕ್ಕೆ ಪುಟ್ಟ ಕೊಳವೆ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ ಒತ್ತುತ್ತಾರೆ. ನಿಧಾನವಾಗಿ ಒತ್ತಬೇಕು, ಅವಸರಿಸಿದರೆ ನೊರೆಯೇ ಗತಿ.

ಆಯಿಲ್ ಕುದಿದರೂ ಗುಳ್ಳೆ ಏಳುತ್ತದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್‌ನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಹಾಗಾಗಿ ತೆರೆದಿಟ್ಟ ಹಳೆಯ ಡಬ್ಬಿ ಬೇಡ. ಅಂದಹಾಗೆ, ಚೆಲ್ಲಿದರೆ ಬ್ರೇಕ್ ಆಯಿಲ್ ಕಾರಿನ ಬಣ್ಣವನ್ನೂ ಕೀಳುತ್ತದೆ.