ಗಿರಾಕಿ ಯಾರ ಸೊತ್ತು?

ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಲ್ಯಾಮಿಂಗ್ಟನ್ ರಸ್ತೆಯ ಕಡೆಗೆ ನಡೆಯುವ ನಮ್ಮ ಬಾಂಧವರಿಗೆ ಇಂತಹ ಪ್ರಸಂಗಗಳು ಹೊಸವಲ್ಲ. ಹತ್ತು ವರ್ಷ ಒಂದೇ ಹೋಟೆಲಿನ ಗಲ್ಲಾದ ಬಳಿ ನಿಂತು, ಬಂದವರ ಹೆಸರನ್ನೂ ರುಚಿಯನ್ನೂ ಬಾಯಿಪಾಠ ಮಾಡಿಕೊಂಡ ಹುಡುಗನು ಒಂದು ದಿನ ಕೆಲಸ ಬಿಟ್ಟು ಎದುರು ಸಾಲಿನಲ್ಲಿಯೇ ಸ್ವಂತ ಅಂಗಡಿ ತೆರೆಯುತ್ತಾನೆ. ಹಳೆಯ ಗಿರಾಕಿಗಳಲ್ಲಿ ಕೆಲವರು ರಸ್ತೆ ದಾಟುತ್ತಾರೆ. "ನಮ್ಮ ಅನ್ನ ಉಂಡು ನಮ್ಮ ಗಿರಾಕಿಗಳನ್ನೇ ಸೆಳೆದನಲ್ಲ!" ಎಂದು ಧಣಿಗಳು ಕನಲುತ್ತಾರೆ. ಒಮ್ಮೊಮ್ಮೆ ವಕೀಲರ ನೋಟೀಸೂ ಬರುತ್ತದೆ. ಒಂದು ಕಂಪೆನಿಯನ್ನು ಬಿಟ್ಟು ಇನ್ನೊಂದನ್ನು ಸೇರುವ ಗುಮಾಸ್ತರ ಪಾಡೂ ಇದಕ್ಕಿಂತ ಬೇರೆಯಲ್ಲ. ಹಾಗಾದರೆ ಗಿರಾಕಿ ಯಾರ ಸೊತ್ತು? ನ್ಯಾಯಾಲಯವು ಯಾರನ್ನು ತಡೆಯುತ್ತದೆ, ಯಾರನ್ನು ತಡೆಯುವುದಿಲ್ಲ?

ಈ ವಿಷಯದಲ್ಲಿ ನಮ್ಮ ದೇಶದ ಮೂಲಸೂತ್ರ 1872ರ ಕರಾರು ಕಾಯಿದೆಯ 27ನೆಯ ಕಲಮಿನಲ್ಲಿದೆ. ನ್ಯಾಯವಾದ ಉದ್ಯೋಗವನ್ನಾಗಲಿ ವ್ಯಾಪಾರವನ್ನಾಗಲಿ ಮಾಡದಂತೆ ಒಬ್ಬನನ್ನು ಕಟ್ಟಿಹಾಕುವ ಕರಾರು ಅಷ್ಟರ ಮಟ್ಟಿಗೆ ಶೂನ್ಯವೆಂದು ಅದು ಸಾರುತ್ತದೆ. ಇಂಗ್ಲೆಂಡಿನಲ್ಲಿ ಕಟ್ಟುಪಾಡು ನ್ಯಾಯೋಚಿತವಾಗಿದ್ದರೆ ಊರ್ಜಿತವಾಗಬಹುದು. ನಮ್ಮಲ್ಲಿ ನಿಯಮವು ಅದಕ್ಕಿಂತ ಬಿಗಿಯಾಗಿದೆ. ವ್ಯಾಪಾರವನ್ನು ಅದರ ಹೆಸರುವಾಸಿ ಸಹಿತ ಮಾರಿದವನು ಮಾತ್ರ, ಕೊಂಡವನ ಹಿತಕ್ಕಾಗಿ, ಗೊತ್ತಾದ ಮೇರೆಯೊಳಗೆ ಅದೇ ವ್ಯಾಪಾರ ಮಾಡುವುದಿಲ್ಲವೆಂದು ಒಪ್ಪಬಹುದು.

ಆದರೆ ಕರಾರಿನ ಅವಧಿ ಮುಗಿಯುವ ಮುನ್ನವೇ ಹೊರಟವನ ಮಾತು ಬೇರೆ. ಇದಕ್ಕೆ ನಮ್ಮ ನೆರೆಯ ಕಲ್ಯಾಣದ ಮೊಕದ್ದಮೆಯೇ ಸಾಕ್ಷಿ. ಅಲ್ಲಿನ ಸೆಂಚುರಿ ರೇಯಾನ್ ಕಾರ್ಖಾನೆಯ ಮೇಲ್ವಿಚಾರಕರೊಬ್ಬರು 1963ರಲ್ಲಿ ಐದು ವರ್ಷದ ಕರಾರಿಗೆ ಸಹಿ ಹಾಕಿದ್ದರು. 1964ರಲ್ಲಿ ಹೆಚ್ಚಿನ ಸಂಬಳಕ್ಕಾಗಿ ಕೋಟಾದ ಪ್ರತಿಸ್ಪರ್ಧಿ ಕಂಪೆನಿಯನ್ನು ಸೇರಿದರು. ಮೊದಲ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. 1967ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ಆ ತಡೆ ಕರಾರಿನ ಐದು ವರ್ಷ ಮುಗಿಯುವ ತನಕ ಮಾತ್ರ. ಮೂರು ವರ್ಷಕ್ಕೆ ಮುಂಚೆ ಕೆಲಸ ಬಿಟ್ಟರೆ ಎರಡು ಲಕ್ಷ ರೂಪಾಯಿ ತೆರಬೇಕೆಂಬ ಹಿಂದಿನ ವಿಜಯಾ ಬ್ಯಾಂಕಿನ ಷರತ್ತನ್ನು ಸಹ ಇದೇ ನ್ಯಾಯಾಲಯ 2025ರಲ್ಲಿ ಮಾನ್ಯ ಮಾಡಿತು.

ಅವಧಿ ತೀರಿದ ಮೇಲೆ ಮನುಷ್ಯ ಸ್ವತಂತ್ರ. ಕ್ರಿಕೆಟ್ ಆಟಗಾರ ಜಹೀರ್ ಖಾನ್ ಅವರನ್ನು ಕರಾರು ಮುಗಿದ ಬಳಿಕವೂ ಹಿಡಿದಿಡಲು ಮುಂಬಯಿಯ ಸಂಸ್ಥೆಯೊಂದು ಹೂಡಿದ ದಾವೆಯು 2006ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಅದೇ ವರ್ಷ ದೆಹಲಿಯ ಉಚ್ಚ ನ್ಯಾಯಾಲಯವು, ಕೆಲಸ ಬಿಟ್ಟ ಮಹಿಳೆಯೊಬ್ಬರು ಹಳೆಯ ಗಿರಾಕಿಗಳನ್ನು ಸಂಪರ್ಕಿಸದಂತೆ ತಡೆಯಬೇಕೆಂದು ವಿದೇಶೀ ಬ್ಯಾಂಕೊಂದು ಬೇಡಿದಾಗ ಅದಕ್ಕೆ ಒಪ್ಪಲಿಲ್ಲ.

ಇಷ್ಟನ್ನು ಓದಿ, ಧಣಿಗಳ ಖಾತೆಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಡಬಹುದೆಂದು ಯಾರೂ ಭಾವಿಸಕೂಡದು. ಅಂಚೆಯ ಮೂಲಕ ಸರಕು ಮಾರುತ್ತಿದ್ದ ಕಂಪೆನಿಯೊಂದರ ನೌಕರನು ಅದರ ಗಿರಾಕಿಗಳ ಪಟ್ಟಿಯ ಪ್ರತಿಯನ್ನು ಒಯ್ದು ತನ್ನ ವ್ಯಾಪಾರಕ್ಕೆ ಬಳಸಿದಾಗ, ಶ್ರಮಪಟ್ಟು ಸಿದ್ಧಪಡಿಸಿದ ಆ ಪಟ್ಟಿಯ ಕೃತಿಸ್ವಾಮ್ಯ ಕಂಪೆನಿಯದೆಂದು ದೆಹಲಿಯ ಉಚ್ಚ ನ್ಯಾಯಾಲಯವು 1995ರಲ್ಲಿ ತಡೆಯಾಜ್ಞೆ ವಿಧಿಸಿತು. ತಲೆಯಲ್ಲಿರುವ ನೆನಪು ಬೇರೆ, ನಕಲು ಮಾಡಿದ ಪಟ್ಟಿ ಬೇರೆ.

ಪಾಲುದಾರರಿಗಂತೂ ಕಟ್ಟು ಇನ್ನೂ ಬಿಗಿ. ನಮ್ಮವರ ಹೋಟೆಲುಗಳಲ್ಲಿ ಅಣ್ಣತಮ್ಮಂದಿರು, ಭಾವಮೈದುನರು ಪಾಲು ಹಾಕಿ ನಡೆಸುವವು ಎಷ್ಟೋ ಇವೆ. 1932ರ ಪಾಲುಗಾರಿಕೆ ಕಾಯಿದೆಯ 36ನೆಯ ಕಲಮಿನಂತೆ, ಹೊರಬಂದ ಪಾಲುದಾರನು ಪೈಪೋಟಿಯ ವ್ಯಾಪಾರ ತೆರೆಯಬಹುದು, ಜಾಹೀರಾತನ್ನೂ ಕೊಡಬಹುದು. ಆದರೆ ಬೇರೆ ಒಪ್ಪಂದವಿಲ್ಲದಿದ್ದರೆ ಹಳೆಯ ಹೆಸರನ್ನು ಬಳಸುವಂತಿಲ್ಲ; ಆ ಸಂಸ್ಥೆಯ ಪರವಾಗಿ ನಡೆಸುತ್ತಿರುವಂತೆ ತೋರಿಸಿಕೊಳ್ಳುವಂತಿಲ್ಲ; ತಾನು ಬಿಡುವ ಮುನ್ನ ಅಲ್ಲಿ ವ್ಯವಹರಿಸುತ್ತಿದ್ದ ಗಿರಾಕಿಗಳನ್ನು ತನ್ನತ್ತ ಕರೆಯುವಂತಿಲ್ಲ. ಬೋರ್ಡು ಕಂಡು ತಾನಾಗಿ ಬಂದವನಿಗೆ ಚಹ ಕೊಡುವುದು ಒಂದು. ಮನೆಬಾಗಿಲಿಗೆ ಹೋಗಿ "ಅಲ್ಲಿ ಬೇಡ, ಇಲ್ಲಿಗೆ ಬನ್ನಿ" ಎನ್ನುವುದು ಇನ್ನೊಂದು.

ಆದುದರಿಂದ ನಮ್ಮ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಕೆಲಸಕ್ಕೆ ಸೇರುವ ದಿನ ಮುಂದಿಟ್ಟ ಕಾಗದವನ್ನು ಓದದೆ ಸಹಿ ಹಾಕಬೇಡಿರಿ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ ಕೇಳಿರಿ. ಅವಧಿ ಎಷ್ಟು, ಮುಂಚೆ ಬಿಟ್ಟರೆ ದಂಡವೆಷ್ಟು ಎಂಬುದನ್ನು ತಿಳಿದು, ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿರಿ. ಬಿಡುವ ದಿನ ಪುಸ್ತಕ, ಪಟ್ಟಿ, ಬೀಗದ ಕೈ ಎಲ್ಲವನ್ನೂ ಒಪ್ಪಿಸಿ ಚೀಟಿ ಪಡೆಯಿರಿ. ನೋಟೀಸು ಬಂದರೆ ಹೆದರಿ ಊರಿಗೆ ಓಡಬೇಡಿರಿ, ಹರಿದೂ ಹಾಕಬೇಡಿರಿ, ವಕೀಲರಿಗೆ ತೋರಿಸಿರಿ.

ಧಣಿಗಳಿಗೂ ಒಂದು ಮಾತು. ಇಂದಿನ ಧಣಿಗಳಲ್ಲಿ ಎಷ್ಟೋ ಮಂದಿ ನಿನ್ನೆ ಇನ್ನೊಬ್ಬರ ಹೋಟೆಲಿನಲ್ಲಿ ಲೋಟ ತೊಳೆದವರೇ. ಅಂದು ಅವರಿಗೆ ತೆರೆದಿದ್ದ ದಾರಿಯನ್ನು ಇಂದಿನ ಹುಡುಗರಿಗೆ ಮುಚ್ಚುವುದು ನ್ಯಾಯವಲ್ಲ. ಖಾತೆಪುಸ್ತಕ ಧಣಿಗಳದು, ಬೋರ್ಡಿನ ಮೇಲಿನ ಹೆಸರು ಧಣಿಗಳದು. ಕೈಯ ಕಸುಬು ಕೆಲಸಗಾರನದು. ಗಿರಾಕಿಯಾದರೋ ಯಾರ ಸೊತ್ತೂ ಅಲ್ಲ. ಆದರ ಕಂಡಲ್ಲಿಗೆ ಅವನು ಹೋಗುತ್ತಾನೆ.